ಎರಡನೇ ಗೇರಿನಲ್ಲಿ ಹತ್ತು ಮೈಲಿ

ಇದನ್ನು ಕಟ್ಟುಕಥೆ ಅಂದುಕೊಳ್ಳುವವರು ಇಲ್ಲಿಗೇ ನಿಲ್ಲಿಸಿಬಿಡಿ, ನನಗೇನೂ ಬೇಜಾರಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದವನು ನಾನು. ಕಥೆ ಕಟ್ಟುವ ವಿದ್ಯೆ ನನಗೆ ಗೊತ್ತಿಲ್ಲ. ಮನೆಯಲ್ಲಿ ಹೇಳಿದಾಗ, "ಹೆದರಿಕೆಗೆ ಹಂಗನ್ಸಿರುತ್ತೆ ಬಿಡಿ" ಅಂದರು. ಹೆದರಿದ್ದು ನಿಜ. ಆದರೆ ಹೆದರಿದವನ ಕೈಗೆ ಗೇರು ಅಷ್ಟು ನುಣ್ಣಗೆ ಬೀಳುವುದಿಲ್ಲ. ಬೇಕಿದ್ದರೆ ಯಾವ ಹಳೇ ಡ್ರೈವರನ್ನಾದರೂ ಕೇಳಿ ನೋಡಿ.

ಅರವತ್ತರ ದಶಕದ ಮಾತು. ಗುಬ್ಬಿ ಹತ್ತಿರದ ನಮ್ಮ ಊರಿನಿಂದ ಎತ್ತಿನ ಗಾಡಿಯಲ್ಲಿ ಕೊಬ್ಬರಿ, ತೆಂಗಿನಕಾಯಿ ಸಾಗಿಸುವುದು ನನ್ನ ಕಸುಬು. ಲಾರಿಗಳು ಬಂದವು, ಗಾಡಿಯನ್ನು ಕೇಳುವವರಿಲ್ಲವಾದರು. ಇಪ್ಪತ್ತಾರನೇ ವಯಸ್ಸಿನಲ್ಲಿ, ಎರಡು ಮಕ್ಕಳ ತಂದೆಯಾಗಿ, ಎತ್ತುಗಳನ್ನು ಮಾರಿ ತುಮಕೂರಿನ ಲಾರಿ ಡ್ರೈವರ್ ಖಾಸಿಂ ಸಾಬರ ಹತ್ತಿರ ಡ್ರೈವಿಂಗ್ ಕಲಿಯಲು ಸೇರಿಕೊಂಡೆ. ಲಾರಿಯವರ ರೂಢಿಯಂತೆ ಅವರನ್ನು 'ಉಸ್ತಾದ್' ಎಂದೇ ಕರೆಯುತ್ತಿದ್ದೆ.

ಮೊದಲ ದಿನ ಏರಿನಲ್ಲಿ ಲಾರಿ ಮುಗ್ಗರಿಸಿತು. ನಾನು ಅಭ್ಯಾಸಬಲದಿಂದ ನಾಲಿಗೆ ಲೊಚಗುಟ್ಟಿಸಿ, "ಹೈ... ಹೈ..." ಅಂದುಬಿಟ್ಟೆ. ಉಸ್ತಾದ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ಲಾ ಗಂಗಣ್ಣ, ಬಾಲ ಹುಡುಕ್ತಾ ಇದೀಯಾ? ಇದಕ್ಕೆ ಬಾಲ ಇಲ್ಲ ಕಣೋ, ಗೇರ್ ಐತೆ!"

ಆಗಿನ ಲಾರಿಗಳಲ್ಲಿ ಗೇರು ಬದಲಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕಿತ್ತು. ಒಮ್ಮೆ ತುಳಿದು ಗೇರು ಬಿಡಿಸಬೇಕು, ಕಾಲು ತೆಗೆಯಬೇಕು, ಎಂಜಿನ್ನಿನ ಸದ್ದು ಇಳಿಯುವುದನ್ನು ಕೇಳಿಸಿಕೊಂಡು ಮತ್ತೆ ತುಳಿದು ಮುಂದಿನ ಗೇರಿಗೆ ತಳ್ಳಬೇಕು. ಚೂರು ಹೆಚ್ಚುಕಮ್ಮಿಯಾದರೂ ಕಿರ್ರ್... ಅಂತ ಮೈ ಜುಮ್ಮೆನ್ನಿಸುವ ಸದ್ದು. ಮೇಲಿನ ಗೇರಿನಿಂದ ಕೆಳಗಿನ ಗೇರಿಗೆ ಬರುವುದಂತೂ ಇನ್ನೂ ಕಷ್ಟ. ನಡುವೆ ಆಕ್ಸಿಲರೇಟರನ್ನು ಹದವಾಗಿ ಒಂದು ಸಲ ಒತ್ತಬೇಕು. ಅದನ್ನು ಉಸ್ತಾದ್ ನನಗಿನ್ನೂ ಕಲಿಸಿರಲೇ ಇಲ್ಲ.

ನನಗೆ ಲೈಸೆನ್ಸ್ ಇರಲಿಲ್ಲ. ಹಾಗಾಗಿ ಪಾಠವೆಲ್ಲ ಕತ್ತಲಾದ ಮೇಲೆಯೇ, ಖಾಲಿ ಲಾರಿಯಲ್ಲಿ ವಾಪಸ್ಸು ಬರುವಾಗ. ಉಸ್ತಾದ್ ನನ್ನ ಎಡಗಡೆ ಕೂತು, ಗೇರಿನ ಮೇಲಿದ್ದ ನನ್ನ ಎಡಗೈ ಮೇಲೆ ತಮ್ಮ ಬಲಗೈ ಇಡುತ್ತಿದ್ದರು. ಭಾರವಾದ, ಬೆಚ್ಚಗಿನ ಕೈ. ಸದ್ದು ಸರಿಯಾಗಿ ಇಳಿದ ಗಳಿಗೆಯಲ್ಲಿ ಅದು ಮೆಲ್ಲಗೆ ಒತ್ತುತ್ತಿತ್ತು, ಗೇರು ಬೀಳುತ್ತಿತ್ತು.

"ಕಣ್ಣು ರಸ್ತೆ ಮೇಲಿರ್ಲಿ. ಗೇರ್ ಕಡೆ ನೋಡಿದ್ಯೋ, ಕೈ ಮುರೀತೀನಿ," ಅನ್ನುತ್ತಿದ್ದರು. ಮೂರು ತಿಂಗಳಲ್ಲಿ ನಾನು ಒಮ್ಮೆಯೂ ಗೇರಿನ ಕಡೆ ನೋಡಲಿಲ್ಲ.

ಆ ದಿನ ಕುಣಿಗಲ್ಲಿನಲ್ಲಿ ಸರಕು ಇಳಿಸಿ ತುಮಕೂರಿಗೆ ಹೊರಟಾಗ ಕತ್ತಲಾಗಿತ್ತು. ಹೆಬ್ಬೂರು ದಾಟಿ ಸ್ವಲ್ಪ ದೂರ ಬಂದಿದ್ದೆವು, ರೇಡಿಯೇಟರ್ ಕುದಿಯತೊಡಗಿತು. ಪಕ್ಕದಲ್ಲೇ ಒಂದು ಕೆರೆ. ನೀರು ತರುವುದು ನನ್ನ ಕೆಲಸ. ಆದರೆ ಅವತ್ತು ಉಸ್ತಾದ್, "ನೀನು ಡ್ರೈವರ್ ಸೀಟಲ್ಲಿದೀಯ, ಕೂತಿರು" ಅಂತ ತಾವೇ ಬಕೆಟ್ಟು ಹಿಡಿದು ಇಳಿದರು. ಒಂದು ಬಕೆಟ್ಟು ತಂದು ಸುರಿದರು. ಇನ್ನೊಂದಕ್ಕೆ ಹೋದರು.

"ಯಾ ಅಲ್ಲಾ!"

ಬಕೆಟ್ಟು ಕಲ್ಲಿನ ಮೇಲೆ ಉರುಳಿದ ಸದ್ದು... ಆಮೇಲೆ ಬರೀ ಕಪ್ಪೆಗಳ ಕೂಗು. ನಾನು ಇಳಿಯುವಷ್ಟರಲ್ಲಿ ಅವರೇ ಕುಂಟುತ್ತಾ ಬಂದರು.

"ನಾಗರಹಾವು ಕಣೋ... ಹೆಡೆ ನೋಡ್ದೆ. ತುಮಕೂರ್ ದೊಡ್ಡಾಸ್ಪತ್ರೆಗೆ ಹೊಡಿ. ಹತ್ತೇ ಮೈಲಿ."

ಟವಲ್ಲಿನಿಂದ ಮೊಣಕಾಲಿನ ಕೆಳಗೆ ಕಟ್ಟಿ, ಎರಡೂ ಕೈಯಿಂದ ಕಾಲನ್ನು ಬಿಗಿಯಾಗಿ ಹಿಡಿದು ಕೂತರು. ನಾಲ್ಕನೇ ಗೇರಿನಲ್ಲಿ ಹತ್ತು ಮೈಲಿ ಅಂದರೆ ಅರ್ಧ ಗಂಟೆಯೂ ಬೇಡ. ಎರಡನೆಯದರಲ್ಲೇ ಎಳೆದರೆ ಒಂದು ಗಂಟೆ ಮೀರುತ್ತದೆ. ಅಷ್ಟು ಹೊತ್ತು ಅವರು ಉಳಿಯುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದನೇ ಗೇರು ಬಿತ್ತು. ಎರಡನೆಯದೂ ಬಿತ್ತು. ಕ್ಲಚ್ ತುಳಿದೆ, ಗೇರು ಬಿಡಿಸಿದೆ, ಕಾಲು ತೆಗೆದೆ. ಮತ್ತೆ ತುಳಿದು ಮೂರನೆಯದಕ್ಕೆ ತಳ್ಳಬೇಕು... ಅಷ್ಟರಲ್ಲಿ ಕೈ ಮೇಲೆ ಕೈ ಬಂತು. ಅದೇ ಭಾರ, ಅದೇ ಬಿಸಿ. ಅಯ್ಯಪ್ಪಾ, ಉಸ್ತಾದ್ ಇದ್ದಾರಲ್ಲ ಅಂತ ಜೀವ ಬಂದ ಹಾಗಾಯಿತು.

ಆ ಕೈ ಮುಂದಕ್ಕೆ ಒತ್ತಲಿಲ್ಲ. ನನ್ನ ಬಲಗಾಲು ತಾನಾಗಿ ಆಕ್ಸಿಲರೇಟರನ್ನು ಒಂದು ಸಲ ಒತ್ತಿತು. ಕೈ ಗೇರನ್ನು ಹಿಂದಕ್ಕೆಳೆದು ಎರಡನೆಯದಕ್ಕೇ ಕೂರಿಸಿತು. ಒಂದಿಷ್ಟೂ ಸದ್ದಿಲ್ಲ.

ಮತ್ತೆ ಪ್ರಯತ್ನಿಸಿದೆ. ಮತ್ತೆ ಹಾಗೆಯೇ ಆಯಿತು.

"ಬುಡಿ ಉಸ್ತಾದ್, ನಾನೇ ಹಾಕ್ತೀನಿ!"

"ನಾನೆಲ್ಲೋ ಹಿಡಿದಿದೀನಿ?" ಅವರ ನಾಲಿಗೆ ಆಗಲೇ ದಪ್ಪವಾಗಿತ್ತು. "ನನ್ ಎರಡ್ ಕೈಯೂ ಕಾಲ್ ಮೇಲವೆ."

ಮೊದಲ ಸಲ ಕೆಳಗೆ ನೋಡಿದೆ. ಮೀಟರಿನ ಪುಟ್ಟ ಬಲ್ಬಿನ ಬೆಳಕಿನಲ್ಲಿ ಅವರ ಎರಡೂ ಕೈ ಕಾಲನ್ನು ತಬ್ಬಿಕೊಂಡಿದ್ದವು. ಗೇರಿನ ಮೇಲೆ ನನ್ನ ಕೈ ಒಂದೇ ಇತ್ತು. ಆದರೆ ಆ ಭಾರ ಹೋಗಿರಲಿಲ್ಲ... ನನ್ನ ಬೆರಳುಗಳ ಸಂದಿಯಲ್ಲಿ ಬೇರೆ ಬೆರಳುಗಳು ಒತ್ತುತ್ತಿದ್ದವು. ಒಂದು, ಎರಡು, ಮೂರು, ನಾಲ್ಕು.

ಎಡಗೈ ಕಿತ್ತುಕೊಂಡು ಬಲಗೈ ಹಾಕಿದೆ. ಸ್ಟಿಯರಿಂಗ್ ಬಿಟ್ಟ ಲಾರಿ ರಸ್ತೆ ಬದಿಯ ಹುಣಸೆಮರದ ಕಡೆ ತಿರುಗಿತು. ಹೇಗೋ ಸರಿಮಾಡಿಕೊಂಡೆ. ಲಾರಿ ನಿಲ್ಲಿಸಿ ಮೊದಲಿನಿಂದ ಶುರುಮಾಡಿದೆ. ಒಂದು ಬಿತ್ತು, ಎರಡು ಬಿತ್ತು, ಅಲ್ಲಿಗೆ ನಿಂತಿತು. ನಮ್ಮ ಮನೆದೇವರಿಗೆ ಕೈಮುಗಿದೆ, ಬೈದೆ, ಎತ್ತನ್ನು ಬೇಡಿಕೊಂಡ ಹಾಗೆ ಲಾರಿಯನ್ನೂ ಬೇಡಿಕೊಂಡೆ. ಎರಡನೇ ಗೇರಿನಲ್ಲಿ ಎಂಜಿನ್ನು ಕಿರುಚುತ್ತಿತ್ತು. ಒಳಗೆಲ್ಲ ಸುಟ್ಟ ಆಯಿಲ್ಲಿನ ವಾಸನೆ. ಎದುರಿಗೆ ಒಂದು ಗಾಡಿಯೂ ಬರಲಿಲ್ಲ.

"ಗಂಗಣ್ಣ... ಮೂರ್ನೇದು ಹಾಕೋ..."

"ಬೀಳ್ತಿಲ್ಲ ಉಸ್ತಾದ್! ಏನ್ ಮಾಡ್ಲಿ ಹೇಳಿ!" ನಾನು ಅಳುತ್ತಿದ್ದೆ.

ಅವರ ರೆಪ್ಪೆಗಳು ಮುಚ್ಚಿಕೊಳ್ಳುತ್ತಿದ್ದವು. ತಲೆ ಸೀಟಿಗೆ ಒರಗಿತ್ತು. ಆದರೆ ನಲವತ್ತು ವರ್ಷ ಲಾರಿ ಕೇಳಿದ ಕಿವಿ ಇನ್ನೂ ಎಚ್ಚರವಿತ್ತು.

"ಇಷ್ಟ್ ನುಣ್ಣಗೆ... ವಾಪಸ್ ಎರಡಕ್ ಹಾಕದು... ಯಾವಾಗ್ ಕಲ್ತ್ಯೋ?"

ಅವರು ಆಡಿದ ಕೊನೇ ಮಾತು ಅದು. ಆಮೇಲೆ ನಾನು ಎಷ್ಟು ಕೂಗಿದರೂ ಓಗೊಡಲಿಲ್ಲ. ಗೊರಗೊರ ಉಸಿರು ಮಾತ್ರ ಕೇಳುತ್ತಿತ್ತು. ಒಂದು ಕಡೆ ಅದೂ ನಿಂತಿತು. ಎಲ್ಲಿ ಅಂತ ನನಗೆ ಗೊತ್ತು, ಆ ಜಾಗ ಹೇಳಲಾರೆ.

ತುಮಕೂರಿನ ದೀಪಗಳು ಕಂಡವು. ಮೊದಲ ದೀಪದ ಕಂಬ ದಾಟುತ್ತಲೇ ಕೈ ಹಗುರವಾಯಿತು. ಹುಚ್ಚನ ಹಾಗೆ ಗೇರನ್ನು ಮುಂದಕ್ಕೆ ತಳ್ಳಿದೆ. ಕಿರ್ರ್... ಅಂತ ಬೀದಿಯೆಲ್ಲ ಕೇಳುವಂತೆ ಅರಚಿ ಮೂರನೇ ಗೇರು ಬಿತ್ತು. ಆ ರಾತ್ರಿ ಬಂದ ಮೊದಲ ಕೆಟ್ಟ ಸದ್ದು ಅದು. ಅದು ಮಾತ್ರ ನನ್ನದು.

ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, "ಒಂದರ್ಧ ಗಂಟೆ ಮುಂಚೆ ಬಂದಿದ್ರೆ..." ಎಂದು ನಿಲ್ಲಿಸಿದರು. ಯಾರೂ ನನ್ನನ್ನು ಬೈಯಲಿಲ್ಲ. "ಪಾಪ, ಕಲಿಯೋನು, ಅವನೇನ್ ಮಾಡ್ತಾನೆ" ಅಂದರು. ನಾಲ್ಕು ಏಟು ಹಾಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಲವತ್ತನೇ ದಿನದ ಕಾರ್ಯಕ್ಕೆ ಉಸ್ತಾದರ ಮನೆಗೆ ಹೋದೆ. ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ಅವರ ಹೆಂಡತಿ ಬೀಬಮ್ಮ ನನ್ನನ್ನು ಕರೆದು ಕೂರಿಸಿದರು.

"ಗಂಗಣ್ಣಾ, ಬೈಯ್ಯಲ್ಲಪ್ಪಾ, ಒಂದ್ ಮಾತ್ ಕೇಳ್ತೀನಿ. ಹತ್ ಮೈಲಿಗೆ ಅಷ್ಟೊತ್ತು ಯಾಕಾಯ್ತು?"

"ನಂಗೆ ಮೂರ್ನೇ ಗೇರ್ ಹಾಕಕ್ಕೆ ಬರ್ತಿರ್ಲಿಲ್ಲಮ್ಮ," ಅಂದೆ. "ಉಸ್ತಾದ್ ಕೈ ಮೇಲ್ ಕೈ ಇಟ್ರೆ ಮಾತ್ರ ಬೀಳೋದು."

ಬೀಬಮ್ಮ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ಕೋಪ ಇರಲಿಲ್ಲ, ಬೇಸರವಿತ್ತು.

"ನನ್ ಹತ್ರ ಯಾಕಪ್ಪಾ ಸುಳ್ಳು? ಹೋಗಕ್ಕೆ ಮುಂಚೆ ಒಂದ್ ವಾರದಿಂದ ಅವ್ರು ನಿನ್ ಕೈ ಮುಟ್ತಾನೇ ಇರ್ಲಿಲ್ವಂತೆ. 'ಬೇಕಂತ್ಲೇ ಕೈಕಟ್ಕೊಂಡ್ ಕೂತಿರ್ತೀನಿ, ಆ ನನ್ಮಗಂಗೆ ಗೊತ್ತೇ ಆಗಿಲ್ಲ, ಒಂದ್ಸಲಾನೂ ಕಿರ್ ಅನ್ಸಿಲ್ಲ' ಅಂತ ದಿನಾ ಮನೆಗ್ ಬಂದು ನಗ್ತಿದ್ರು. ನಿನ್ ಮೇಲೆ ಅಷ್ಟ್ ಹೆಮ್ಮೆ ಅವ್ರಿಗೆ."

ಆ ಏಳು ರಾತ್ರಿಯೂ, ಪ್ರತಿಯೊಂದು ಗೇರಿಗೂ, ನನ್ನ ಕೈ ಮೇಲೆ ಕೈ ಇತ್ತು.

ಬೀಬಮ್ಮ ಉತ್ತರಕ್ಕೆ ಕಾಯುತ್ತಾ ಕೂತಿದ್ದರು. "ತಪ್ಪಾಯ್ತಮ್ಮ" ಅಂತ ಮಾತ್ರ ಅಂದು ಎದ್ದು ಬಂದೆ.