ಹಿಂದಕ್ಕೆ ತೆಗೆದುಕೊಂಡ ಹುಯಿಲು

ಉಮೇಶ ನಮ್ಮ ಮನೆಯ ವೆನಿಲ್ಲಾ ಕದ್ದಿರಲಿಲ್ಲ. ಅವನು ಬದುಕಿದ್ದಾಗಲೇ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅವನು ಸತ್ತ ಮೇಲೆ, ಸುಮ್ಮನಿರುವುದಕ್ಕಿಂತ ಕೆಟ್ಟದ್ದೊಂದನ್ನು ಮಾಡಿದೆ — ಅದನ್ನು ಹೇಳಲು ಕುಳಿತಿದ್ದೇನೆ.

ಹಿರೇಕೊಡಿಗೆಯ ಆಚೆಗಿರುವ ನಮ್ಮ ಊರಿನ ಬಸ್ ತಂಗುದಾಣಕ್ಕೆ ಅವನ ಹೆಸರಿದೆ. ಕಾಶ್ಮೀರದ ಗಡಿಯಲ್ಲಿ ಪ್ರಾಣ ಬಿಟ್ಟ ಯೋಧ. ಪ್ರತಿ ಆಗಸ್ಟಿನಲ್ಲಿ ಅವನ ಫೋಟೊಗೆ ಹಾರ ಹಾಕಿ ಎರಡು ಮಾತನಾಡುವವನು ನಾನೇ. ಮೈಕಿನ ಮುಂದೆ ಅವನು ವೀರ. ಚದುರಿ ಮನೆಗೆ ಹೋಗುವಾಗ ಜನ ದನಿ ತಗ್ಗಿಸಿ ಆಡುವ ಮಾತಿನಲ್ಲಿ ಅವನು ಇನ್ನೇನೋ. ಆ ಇನ್ನೇನೋ ನನ್ನಿಂದ ಆದದ್ದು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮ ಕಡೆ ವೆನಿಲ್ಲಾದ ಹುಚ್ಚು ಹಿಡಿದಿತ್ತು. ಬೆಲೆ ಆಕಾಶಕ್ಕೇರಿತ್ತು, ಜನ ಬಳ್ಳಿ ಕಾಯಲು ತೋಟದಲ್ಲೇ ಮಲಗುತ್ತಿದ್ದರು. ವೆನಿಲ್ಲಾದ ಹೂವಿಗೆ ಇಲ್ಲಿ ದುಂಬಿಯಿಲ್ಲ. ಬೆಳಗ್ಗೆ ಅರಳಿದ್ದನ್ನು ಬಿಸಿಲೇರುವ ಮೊದಲು ಮನುಷ್ಯನೇ ಕಡ್ಡಿ ಹಿಡಿದು ಪರಾಗ ಮುಟ್ಟಿಸಬೇಕು. ಆ ಕೆಲಸಕ್ಕೆ ನಮ್ಮಲ್ಲಿಗೆ ಬರುತ್ತಿದ್ದವನು ಉಮೇಶ, ಪಕ್ಕದ ಮನೆಯ ಗಿರಿಜಕ್ಕನ ಮಗ. ತಂದೆ ಇರಲಿಲ್ಲ, ಒಬ್ಬಳು ತಂಗಿ. ಕೆಲಸ ಮಾಡುತ್ತಲೇ ನಗಿಸುತ್ತಿದ್ದ.

"ದಿನಾ ಇಷ್ಟು ಮದುವೆ ಮಾಡಿಸ್ತೀನಿ ಅಣ್ಣ, ಒಂದು ಹೂವಾದ್ರೂ ಊಟಕ್ಕೆ ಕರೀತಾ ನೋಡಿ!"

ತೋಟಕ್ಕೆ ಬರುವ ಮೊದಲು ಕೊಪ್ಪದ ರಸ್ತೆಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದ, ಸೇನೆಯ ಭರ್ತಿಗೆಂದು. ಅಂಗಡಿಯ ಕಟ್ಟೆಯಲ್ಲಿ ಕುಳಿತವರು ಕೆಣಕುತ್ತಿದ್ದರು.

"ಎಂತ ಮಾರಾಯಾ, ಯಾರ ಮನೆ ನಾಯಿ ಓಡಿಸ್ಕಂಡು ಬಂತು?"

"ನಿಮ್ಮನೇದೇ. ಅದ್ಕೂ ಸುಸ್ತಾಗಿ ವಾಪಸ್ ಹೋಯ್ತು."

ಆ ವರ್ಷದ ವೆನಿಲ್ಲಾ ಕೋಡುಗಳನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ, ಬೆವರಿ ಪರಿಮಳ ಕಟ್ಟಲೆಂದು ಪೆಟ್ಟಿಗೆಯಲ್ಲಿಟ್ಟೆವು. ಸುತ್ತುವಾಗ ಕಂಬಳಿಯ ಇನ್ನೊಂದು ತುದಿ ಹಿಡಿದವನು ಉಮೇಶ. ಕೆಲವು ದಿನಗಳ ನಂತರ ಬಿಸಿಲಿಗೆ ಹಾಕಲು ಪೆಟ್ಟಿಗೆ ತೆರೆದರೆ ಕಂಬಳಿಯೂ ಇಲ್ಲ, ಕೋಡೂ ಇಲ್ಲ. ಅದೇ ವಾರ ಉಮೇಶನ ಕಾಲಲ್ಲಿ ಹೊಸ ಬೂಟು ಕಂಡಿತು. ಸೀತೂರಿನ ಮಾವ ಕೊಡಿಸಿದ್ದು ಎಂದ. ಅವನನ್ನು ಕರೆದು ಕೇಳಿದ್ದರೆ — ಕೇಳಲಿಲ್ಲ. ಕೇಳುವುದಕ್ಕಿಂತ ಸುಲಭದ ದಾರಿ ನಮ್ಮಲ್ಲಿದೆ. ಊರದೇವತೆ ಚೌಡಿಯ ಬನಕ್ಕೆ ಹೋಗಿ ಹುಯಿಲು ಕೊಡುವುದು.

ಹುಯಿಲೆಂದರೆ ದೇವರ ಮುಂದೆ ಇಡುವ ದೂರು. ಯಾರ ಹೆಸರನ್ನೂ ಹೇಳುವಂತಿಲ್ಲ. ಊರವರ ಎದುರು ಕಾಯಿ ಇಟ್ಟು, ಕದ್ದವರನ್ನು ನೀನೇ ನೋಡಿಕೋ ಎನ್ನುವುದು. ಮಂಗಳವಾರ ನಾನು ಹಾಗೆ ನಿಂತೆ. ಆಡಿದ ಮಾತು ಅಕ್ಷರಶಃ ನೆನಪಿದೆ: "ನನ್ನ ವಸ್ತು ಮುಟ್ಟಿದ ಕೈ ಉಳಿಯಬಾರದು. ಆ ಮನೆಗೆ ನೀನೇ ತೋರಿಸು ತಾಯಿ." ಹೆಸರು ಹೇಳಲಿಲ್ಲ ನಿಜ. ಆದರೆ ಹೇಳಿ ಮುಗಿಸಿ ಕಣ್ಣೆತ್ತಿದಾಗ ನಾನು ಗಿರಿಜಕ್ಕನ ಕಡೆ ನೋಡಿದೆ. ನಾನು ನೋಡಿದ ಕಡೆಗೆ ಎಲ್ಲರೂ ನೋಡಿದರು.

ಉಮೇಶ ಭರ್ತಿಯಲ್ಲಿ ಆಯ್ಕೆಯಾಗಿ ಹೊರಟುಹೋದ. ಆಮೇಲೊಂದು ದಿನ, ಗಿರಣಿಗೆ ಒಯ್ಯಲು ಭತ್ತ ತುಂಬಿಡುವ ಪತ್ತಾಯ ಬರಿದು ಮಾಡುತ್ತಿದ್ದಾಗ ತಳದಲ್ಲಿ ಕೈಗೆ ಕಂಬಳಿ ಸಿಕ್ಕಿತು. ಬಿಚ್ಚಿದೆ. ಕೋಡುಗಳು ಬೂಸ್ಟು ಹಿಡಿದು ಕಪ್ಪಾಗಿದ್ದವು. ಪರಿಮಳ ಮಾತ್ರ ಮನೆಯೆಲ್ಲ ತುಂಬಿತು. ಆಗಲೇ ಮರೆವು ಶುರುವಾಗಿದ್ದ ನನ್ನ ತಾಯಿ ಬಾಗಿಲಿಗೆ ಬಂದು ನಿಂತು, "ಕಳ್ಳರ ಕಾಟ ಅಂತ ನಾನೇ ಅಲ್ಲಿಟ್ಟಿದ್ದು, ನಿಂಗೆ ಹೇಳಿದ್ನಲ್ಲಾ?" ಎಂದರು. ಸಂಜೆಗೆ ಆ ಮಾತನ್ನೂ ಮರೆತರು. ನಾನು ಕಂಬಳಿ ಸಮೇತ ಕೋಡುಗಳನ್ನು ಗೊಬ್ಬರದ ಗುಂಡಿಯಲ್ಲಿ ಹೂತೆ.

ವಸ್ತು ಸಿಕ್ಕಿದರೆ ಅದೇ ಬನದಲ್ಲಿ, ಅದೇ ಜನರ ಎದುರು, ಸಿಕ್ಕಿತೆಂದು ಕೂಗಿ ಹೇಳಿ ತಪ್ಪುಕಾಯಿ ಒಡೆದು ಹುಯಿಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅದು ಕಟ್ಟಳೆ. ನನಗದು ಗೊತ್ತಿರಲಿಲ್ಲವೆಂದಲ್ಲ. ಮುಂದಿನ ಮಂಗಳವಾರ ಹೋಗೋಣ ಎಂದುಕೊಂಡೆ. ಆಮೇಲೆ ಇನ್ನೊಂದು ಮಂಗಳವಾರ. ಆಮೇಲೆ —

ಉಮೇಶ ಮೊದಲ ರಜೆಗೆ ಬಂದವನು ನಮ್ಮ ಅಂಗಳಕ್ಕೆ ಬಂದ. ತಲೆ ಬೋಳಿಸಿದ ಹಾಗೆ ಕ್ರಾಪು, ಮೈಕೈ ತುಂಬಿತ್ತು. ನನ್ನ ತಾಯಿಯನ್ನು ಮಾತಾಡಿಸಿದ, ಬಳ್ಳಿ ಹೇಗಿದೆ ಎಂದು ವಿಚಾರಿಸಿದ. ಹೊರಡುವಾಗ ಕೇಳಿದ:

"ಅಣ್ಣ, ಅದು ಸಿಕ್ತಾ?"

"ಇಲ್ಲ" ಎಂದೆ.

ಅವನು ಎರಡು ಹೆಜ್ಜೆ ಹೋಗಿ ತಿರುಗಿದ. "ಸಿಕ್ಕಿದ್ರೆ ಅಮ್ಮಂಗೊಂದು ಮಾತು ಹೇಳಿ. ಅವಳು ಬನದ ದಾರೀಲಿ ಓಡಾಡೂದೇ ಬಿಟ್ಟಿದಾಳೆ."

"ಹೇಳ್ತೀನಿ ಮಾರಾಯಾ" ಎಂದೆ. ಅವನ ಮುಖ ನೋಡಿಕೊಂಡೇ ಹೇಳಿದೆ.

ಅವನೊಂದಿಗೆ ನಾನಾಡಿದ ಕೊನೆಯ ಮಾತು ಅದು. ಕಾಶ್ಮೀರದಲ್ಲಿ ಯುದ್ಧ ಮುಗಿಯಿತೆಂದು ನಾವೆಲ್ಲ ಅಂದುಕೊಂಡಿದ್ದ ಕಾಲ, ಗಡಿಯಲ್ಲಿ ಮುಗಿದಿರಲಿಲ್ಲ. ಆ ಚಳಿಗಾಲದಲ್ಲಿ ಸುದ್ದಿ ಬಂತು. ಸೇನೆಯ ಲಾರಿ ಕೊಪ್ಪ ದಾಟಿ ಬರುವಾಗ ರಸ್ತೆಯ ಎರಡೂ ಬದಿ ಶಾಲೆಯ ಮಕ್ಕಳು ಬಾವುಟ ಹಿಡಿದು ನಿಂತಿದ್ದರು. ಪೆಟ್ಟಿಗೆಯ ಮುಚ್ಚಳವನ್ನು ಮುಖ ಕಾಣುವಷ್ಟೇ ಸರಿಸಿದರು. ಮುಖ ಚೆನ್ನಾಗಿಯೇ ಇತ್ತು. ಇಡೀ ತೆಗೆಯಿರಿ ಎಂದು ಗಿರಿಜಕ್ಕ ಬೇಡಿಕೊಂಡಳು. ಜೊತೆಗೆ ಬಂದಿದ್ದ ಸೈನಿಕ ಬೇಡಮ್ಮಾ ಎಂದು ತಲೆಯಾಡಿಸಿದ. ನಾನು ಕಂಡದ್ದು ಇಷ್ಟೇ. ಆದರೆ ಗುಂಪಿನಲ್ಲಿ ಯಾರೋ ಪಿಸುಗುಟ್ಟಿದರು — "ಕೈ ಇಲ್ವಂತೆ. ಚೌಡಿ ಬಿಡ್ತಾಳಾ?"

ಅದು ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ. ನನಗೆ ಚೌಡಿಯ ಮೇಲೆ ನಂಬಿಕೆ ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಕದಿಯದವನ ಮೇಲೆ ಹುಯಿಲು ಹತ್ತುವುದಿಲ್ಲ ಎನ್ನುತ್ತಾರೆ. ಹಾಗಿದ್ದರೂ ಮುಚ್ಚಿದ ಆ ಮುಚ್ಚಳ ಕಣ್ಣ ಮುಂದೆ ಬರುತ್ತದೆ — ಉಣ್ಣಲು ಕೈ ತೊಳೆಯುವಾಗ, ಬೇರೆ ಏನನ್ನೋ ಯೋಚಿಸುತ್ತಿರುವಾಗ.

ಉತ್ತರಕ್ರಿಯೆ ಮುಗಿದ ಮೇಲೆ ಗಿರಿಜಕ್ಕ ನಮ್ಮ ಜಗಲಿಯ ಕೆಳಗೆ ಬಂದು ನಿಂತಳು. ಮೇಲೆ ಬಾ ಎಂದರೂ ಬರಲಿಲ್ಲ.

"ಹುಡುಗ ಬುದ್ಧಿಯಿಲ್ದೆ ತಪ್ಪು ಮಾಡಿದಾನೆ ಗೌಡ್ರೇ. ಇನ್ನು ಹುಯಿಲು ತೆಗೀರಿ. ಅವನಿಗೆ ಅಲ್ಲಾದ್ರೂ ನೆಮ್ಮದಿ ಬೇಕು. ಮನೇಲಿ ಹೆಣ್ಣುಮಗು ಒಂದಿದೆ."

ಅವಳ ಮಗ ತಪ್ಪು ಮಾಡಿಲ್ಲವೆಂದು ಹೇಳಲು ಆ ಗಳಿಗೆ ಸಾಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು "ಆಯ್ತು ಗಿರಿಜಕ್ಕ" ಎಂಬುದು.

ಮಂಗಳವಾರ ಬನಕ್ಕೆ ಹೋದೆ. ವಸ್ತು ಸಿಕ್ಕಿತೆನ್ನಲಿಲ್ಲ. "ಕ್ಷಮಿಸಿದ್ದೇನೆ ತಾಯಿ, ನೀನೂ ಕ್ಷಮಿಸು" ಎಂದು ಕಾಯಿ ಒಡೆದೆ. ಜನ ನನ್ನನ್ನು ದೊಡ್ಡ ಮನಸ್ಸಿನವ ಎಂದರು. ಗಿರಿಜಕ್ಕ ನನ್ನ ಕಾಲಿಗೆ ಬಿದ್ದಳು. ಅವಳನ್ನು ಎಬ್ಬಿಸಿದೆ. ಅಲ್ಲಿಯವರೆಗೆ ಬರೀ ಗುಮಾನಿಯಾಗಿದ್ದದ್ದು ಆ ದಿನ, ನನ್ನ ಕ್ಷಮೆಯಿಂದ, ಊರಿಗೆ ನಿಜವಾಯಿತು.

ಅವಳು ಈಗ ಸೀತೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಇಷ್ಟು ವರ್ಷದ ಮೇಲೆ, ಕಳೆದ ತಿಂಗಳು ಹೋಗಿ ಹೇಳಿದೆ. ಮೊದಲಿಂದ ಕೊನೆಯವರೆಗೆ, ಪತ್ತಾಯ, ಗೊಬ್ಬರದ ಗುಂಡಿ, "ಇಲ್ಲ" ಎಂದದ್ದು, ಎಲ್ಲ. ಬಯ್ಯುತ್ತಾಳೆ ಎಂದುಕೊಂಡಿದ್ದೆ; ಬಯ್ದಿದ್ದರೆ ಹಗುರಾಗುತ್ತಿದ್ದೆ — ಅದೂ ನನ್ನ ಆಸೆಯೇ. ಅವಳು ಸಿಪ್ಪೆ ಬಿಡಿಸುತ್ತಿದ್ದ ಅವರೆಕಾಳನ್ನು ಬದಿಗಿಟ್ಟಳು.

"ರಜೆ ಮುಗಿಸಿ ಹೊರಡೋ ದಿನ ನಾನು ಕೇಳಿದ್ದೆ ಅವನ ಹತ್ರ. ತೆಗ್ದಿದ್ರೆ ಹೇಳು ಮಗಾ, ನಾನು ಗೌಡ್ರ ಕಾಲು ಹಿಡೀತೀನಿ ಅಂದೆ. ಇಲ್ಲ ಅಮ್ಮಾ, ನಿನ್ನಾಣೆ ಅಂದ. ನಾನು ನಂಬಲಿಲ್ಲ. ಬಸ್ ಹತ್ತಿಸೋಕೂ ಹೋಗಲಿಲ್ಲ."

ಅವರೆಕಾಳನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು:

"ಈಗ ನಂಬಿದೆ ಅಂತ ಯಾರ ಹತ್ರ ಹೋಗಿ ಹೇಳೂದು ಗೌಡ್ರೇ?"

ಈ ಆಗಸ್ಟಿನಲ್ಲಿ ಹಾರ ಹಾಕುವವರು ಬೇರೆಯವರಾಗಲಿ. ಮೈಕು ಮಾತ್ರ ಒಂದು ಗಳಿಗೆ ನನಗೆ ಕೊಡಿ ಎಂದು ಊರವರನ್ನು ಕೇಳಿದ್ದೇನೆ; ಯಾಕೆಂದು ಹೇಳಿಲ್ಲ. ಅಂದು ಇಲ್ಲಿ ಬರೆದಷ್ಟನ್ನೂ ಹೇಳುತ್ತೇನೆ. ಊರು ನಂಬಬಹುದು. ಗಿರಿಜಕ್ಕ ನಂಬಿದ್ದನ್ನು ಕೇಳಬೇಕಾದವನು ಮಾತ್ರ ಹಾರದೊಳಗಿನ ಫೋಟೊದಲ್ಲಿರುತ್ತಾನೆ.