ಟವೆಲ್ ಕೆಳಗೆ ಶೇರು ವ್ಯಾಪಾರ

ಕಳೆದ ಭಾನುವಾರ ಮಾನ್ವಿಯ ಮಿರ್ಚಿ ಭಜಿ ಅಂಗಡಿಯಲ್ಲಿ ನಾವು ಒಬ್ಬೊಬ್ಬರಾಗಿ ಟವೆಲ್ ಕೆಳಗೆ ಕೈ ಹಾಕುವುದನ್ನು ನೋಡಿ, ಚಹಾ ತಂದವನು ಕೇಳಿಯೇ ಬಿಟ್ಟ. "ಎಮ್ಮಿ ಮಾರಾಕತ್ತೀರೇನ್ರೀ?"

ಎಮ್ಮೆಯಲ್ಲ ಮಾರಾಯರೇ, ಶೇರು!

ಮಾನ್ವಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಮೆಹಬೂಬ್, ಕಲ್ಲೂರಿನ ಗೊಬ್ಬರದ ಅಂಗಡಿಯ ಬಸವರಾಜ, ಪಿಯು ಲೆಕ್ಚರರ್ ಹನುಮಂತು, ಹೈಸ್ಕೂಲು ಮಾಸ್ತರನಾದ ನಾನು... ನಾಲ್ವರೂ ರಾಯಚೂರಿನ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿದ್ದವರು. ಆಗ ಒಂದು ಸೋಪನ್ನು ಹಂಚಿಕೊಳ್ಳುತ್ತಿದ್ದೆವು. ಈಗ ಫೋನಿನ ಗ್ರೂಪಿನಲ್ಲಿ ಶೇರು ಟಿಪ್ಸ್ ಹಂಚಿಕೊಳ್ಳುತ್ತೇವೆ.

ನಾಲ್ವರೂ ಸೇರಿ ಒಂದು ಪೇಮೆಂಟ್ ಕಂಪನಿಯ ಶೇರು ಕೊಂಡಿದ್ದೆವು. ಹೆಸರು ಬೇಡ ಬಿಡಿ. ಅಂಗಡಿಗಳಲ್ಲಿ ಸ್ಕ್ಯಾನ್ ಮಾಡಿದ ಕೂಡಲೇ ದುಡ್ಡು ಬಂತೆಂದು ಕೂಗಿ ಹೇಳುವ ಡಬ್ಬಿ ಇರುತ್ತದಲ್ಲ, ಅಂಥ ಡಬ್ಬಿ ಕೊಡುವ ಕಂಪನಿ.

ಕೊಳ್ಳಲು ಕಾರಣವೂ ಅದೇ ಡಬ್ಬಿ. ರಾಯಚೂರಿನ ಗಂಜ್ ಮಾರುಕಟ್ಟೆಯಿಂದ ದೇವದುರ್ಗದ ಪಾನ್ ಅಂಗಡಿಯವರೆಗೆ ಎಲ್ಲಿ ಹೋದರೂ ಅದರದೇ ದನಿ. "ಇಷ್ಟು ಅಂಗಡ್ಯಾಗ ಕೂಗಾಕತ್ತದ, ಮುಳುಗೋ ಮಾತೇ ಇಲ್ಲ ಬಿಡ್ರಲೇ" ಎಂದಿದ್ದ ಹನುಮಂತು. ಅಷ್ಟು ಕೂಗಿದರೂ ಕಂಪನಿಗೆ ಉಳಿಯುವುದೆಷ್ಟು ಎಂದು ನಮ್ಮಲ್ಲಿ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಆಮೇಲೆ ಹೊಸ ನಿಯಮದ ಸುದ್ದಿ ಬಂತು, ಶೇರು ಜಾರತೊಡಗಿತು.

ನಮಗೆ ಮೂವರಿಗೆ ಅದು ಆಟದ ದುಡ್ಡು. ಮೆಹಬೂಬನದು ಹಾಗಲ್ಲ. ಮಗಳು ಶಬಾನಾಳ ನರ್ಸಿಂಗ್ ಫೀಸಿಗೆಂದು ಕೂಡಿಸಿದ್ದನ್ನೆಲ್ಲ ಅವನು ಅದರಲ್ಲೇ ಹಾಕಿದ್ದ.

ಈಗ ರಾಯಚೂರಿನಲ್ಲೇ ಅವಳಿಗೆ ಸೀಟು ಸಿಕ್ಕಿದೆ. ತಿಂಗಳ ಕೊನೆಗೆ ಫೀಸು ಕಟ್ಟಬೇಕು. ಈಗಲೇ ಮಾರಿದರೆ ನಷ್ಟವಾದರೂ ಫೀಸಿಗೆ ಹೇಗೋ ಸರಿಹೋಗುತ್ತದೆ. ಕಂಪನಿಯ ರಿಸಲ್ಟ್ ಬರಲಿ ಎಂದು ಕಾದು, ಅದು ಇನ್ನೂ ಇಳಿದರೆ ಸೀಟೇ ಹೋಗುತ್ತದೆ.

"ಮಾರ್ಲೇನು, ಇಟ್ಕೊಳ್ಲೇನು? ಖರೆ ಹೇಳ್ರಲೇ" ಎಂದು ಗ್ರೂಪಿನಲ್ಲಿ ಕೇಳಿದ.

ತಗೊಳ್ಳಿ, ನಮ್ಮ ಶೌರ್ಯ ಉಕ್ಕಿತು! ಹನುಮಂತು "ಇಟ್ಕೋ, ಏರ್ತದ" ಎಂದು ಚಾರ್ಟು ಹಾಕಿದ. ಬಸವರಾಜ "ಅಂಜುಬುರುಕ" ಎಂದು ಕಿಚಾಯಿಸಿದ. ನಾನೂ ಸುಮ್ಮನಿರದೆ ಒಂದು ಹೆಬ್ಬೆಟ್ಟು ಒತ್ತಿದೆ. ಒತ್ತಿದ ಬೆರಳನ್ನೇ ನೋಡುತ್ತಾ ಕೂತೆ.

ಅಪ್ಪ ನೆನಪಾದ.

ನಮ್ಮಪ್ಪ ದೇವದುರ್ಗದ ಸಂತೆಯಲ್ಲಿ ದನದ ದಲಾಲಿ. ಶಾಲೆಗೆ ರಜೆ ಇದ್ದಾಗ ನಾನೂ ಹಿಂದೆ ಹೋಗುತ್ತಿದ್ದೆ. ಬೇವಿನ ನೆರಳಲ್ಲಿ ಅಪ್ಪ ಕೊಳ್ಳುವವನ ಕೈ ಹಿಡಿದು ಮೇಲೆ ಟವೆಲ್ ಮುಚ್ಚುತ್ತಿದ್ದ. ಬಾಯಲ್ಲಿ ಯಾರದೋ ಮದುವೆಯ ಮಾತು, ಟವೆಲ್ ಒಳಗೆ ಬೆರಳುಗಳಲ್ಲಿ ಎತ್ತಿನ ರೇಟು.

"ಯಪ್ಪಾ, ಬಾಯಿಲೆ ಯಾಕ ಹೇಳಂಗಿಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಬಾಯಿಲೆ ಹೇಳಿದ್ರ ಸುತ್ತ ನಿಂತ ಮಂದಿಗಿ ಹೇಳ್ದಂಗ ಆಗ್ತದಲೇ. ಕೈಲೆ ಹೇಳಿದ್ರ ಅವನೊಬ್ಬನಿಗೇ ಹೇಳ್ದಂಗ."

ಮನೆಗೆ ಬರುವ ಬಸ್ಸಿನಲ್ಲಿ ನನ್ನ ಕೈಯನ್ನು ಟವೆಲ್ ಒಳಗೆ ಹಿಡಿದು, ಯಾವ ಬೆರಳಿಗೆ ಎಷ್ಟು ಎಂದು ಕಲಿಸುತ್ತಿದ್ದ. ಹಗ್ಗ ಎಳೆದು ಎಳೆದು ಒರಟಾಗಿದ್ದ ಅಂಗೈ. ಲೆಕ್ಕ ತಪ್ಪಿದರೆ ಬೆರಳು ಹಿಂಡಿ ನಗುತ್ತಿದ್ದ. ಕಲಿತು ಮುಗಿದ ಮೇಲೂ ಬೇಕಂತಲೇ ತಪ್ಪು ಹೇಳುತ್ತಿದ್ದೆ ನಾನು. ಎಷ್ಟು ಒಳ್ಳೆಯ ದಿನಗಳವು!

ಅದಕ್ಕೇ ಭಾನುವಾರ ಎಲ್ಲರನ್ನೂ ಮಾನ್ವಿಗೆ ಕರೆಸಿದೆ. ಮೆಹಬೂಬನ ಮುಖ ಬಾಡಿತ್ತು. ತಟ್ಟೆಯ ಮಿರ್ಚಿಯನ್ನೂ ಮುಟ್ಟಿರಲಿಲ್ಲ.

ಬಸವರಾಜನ ಹೆಗಲ ಮೇಲಿನ ಟವೆಲ್ ಎಳೆದು ಮೆಹಬೂಬನ ಕೈ ಮೇಲೆ ಹಾಕಿದೆ. ಒಂದು ಬೆರಳು ಹಿಡಿದರೆ ಮಾರು, ಇಡೀ ಕೈ ಹಿಡಿದರೆ ಇಟ್ಟುಕೋ. ಯಾರು ಏನೆಂದರು ಅನ್ನುವುದು ಅವನೊಬ್ಬನಿಗೇ ಗೊತ್ತು.

ಹನುಮಂತು ಟವೆಲ್ ಒಳಗೆ ಕೈ ಇಟ್ಟುಕೊಂಡೇ "ದಸರಾಕ್ಕ ಡಬಲ್ ಆಗ್ತದ ನೋಡು" ಎಂದು ಜೋರಾಗಿ ಭಾಷಣ ಮಾಡುತ್ತಿದ್ದ. ಬಸವರಾಜ ಚಹಾಕ್ಕೆ ಸಕ್ಕರೆ ಸಾಲದೆಂದು ಬೈಯುತ್ತಾ ಕೈ ಹಾಕಿ ತೆಗೆದ.

ನನ್ನ ಸರದಿ ಬಂತು. ಮೆಹಬೂಬನ ಅಂಗೈ ಬೆವೆತು ಒದ್ದೆಯಾಗಿತ್ತು. ಆ ಕೈ ಮುಟ್ಟಿದ ಮೇಲೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಒಂದೇ ಬೆರಳು ಹಿಡಿದೆ.

ಮೆಹಬೂಬ್ ಟವೆಲ್ ತೆಗೆದು ನಮ್ಮೆಲ್ಲರ ಮುಖ ನೋಡಿದ.

"ಮೂರೂ ಮಂದಿ ಮಾರು ಅಂದ್ರಿ."

ಹನುಮಂತುವಿನ ಭಾಷಣ ಅಲ್ಲಿಗೇ ನಿಂತಿತು.

"ಮತ್ತ ಗ್ರೂಪಿನ್ಯಾಗ ಹಂಗ್ಯಾಕ ಕುಣದ್ರಲೇ?" ಎಂದು ಮೆಹಬೂಬ್ ನಗತೊಡಗಿದ. ನಗುತ್ತಾ ನಗುತ್ತಾ ಅವನ ಕಣ್ಣಲ್ಲಿ ನೀರು.

"ಒಬ್ರಿಗೊಬ್ರು ಅಂಜಿ ಕುಣದ್ವಿ ಮಾರಾಯ" ಎಂದ ಬಸವರಾಜ. ಅದಕ್ಕಿಂತ ಖರೆ ಮಾತು ನಮ್ಮ ಗ್ರೂಪಿನಲ್ಲಿ ಈವರೆಗೆ ಬಂದಿಲ್ಲ.

ಮರುದಿನ ಮಾರ್ಕೆಟ್ ತೆರೆದ ಕೂಡಲೇ ಮಾರಿದ. ದುಡ್ಡು ಖಾತೆಗೆ ಬಂದ ದಿನವೇ ಫೀಸು ಕಟ್ಟಿದ. "ಚಾಚಾ, ಸೀಟ್ ಪಕ್ಕಾ ಆತ್ರೀ!" ಎಂದು ಶಬಾನಾ ನನಗೆ ಫೋನ್ ಮಾಡಿದಳು. ಅಪ್ಪ ಇದ್ದಿದ್ದರೆ ಮೊದಲು ಅವನಿಗೇ ಹೇಳುತ್ತಿದ್ದೆ...

ಅವಳ ಕೈಯಿಂದ ಫೋನ್ ತೆಗೆದುಕೊಂಡ ಮೆಹಬೂಬ್ ಒಂದೇ ಮಾತು ಕೇಳಿದ. "ನನಗ ಮಾರು ಅಂದ್ರಿ, ಚಲೋ ಆತು. ನಿಮ್ಮವು ಯಾವಾಗ ಮಾರ್ತೀರಿ?"

ಏನೋ ಹೇಳಿ ಫೋನ್ ಇಟ್ಟೆ. ಆ್ಯಪ್ ತೆರೆಯುತ್ತೇನೆ, ಕೆಂಪು ಬಣ್ಣ ನೋಡುತ್ತೇನೆ, ಮುಚ್ಚುತ್ತೇನೆ. ನನ್ನ ಶೇರುಗಳು ಇನ್ನೂ ಹಾಗೇ ಇವೆ.

ಗೆಳೆಯನಿಗಾದರೆ ಅವನ ಕೈ ಹಿಡಿದು ನಿಜ ಹೇಳಿಬಿಟ್ಟೆ. ತನಗೆ ತಾನೇ ನಿಜ ಹೇಳಿಕೊಳ್ಳಬೇಕಾದವನು ಯಾರ ಕೈ ಹಿಡಿಯಬೇಕು, ನೀವೇ ಹೇಳಿ?