ನಿಂತ ಮಗ್ಗದ ಮುಂದೆ

ಹತ್ತನೇ ತರಗತಿ ಪಾಸಾದ ನಾನು ಪಾಠ ಹೇಳಿದ ಹುಡುಗಿಯನ್ನು ಕಾಲೇಜಿಗೆ ಕಳಿಸದೆ, ಮಗ್ಗದ ಕಂಡಿಕಿಗೆ ನೂಲು ಸುತ್ತಲು ಕೂರಿಸಿದ್ದರು. ಕೇಳಲೆಂದೇ ಬನಹಟ್ಟಿಯ ಅವಳ ಮನೆಗೆ ಹೋದೆ. ಅಪ್ಪ ಓಡುತ್ತಿದ್ದ ಪವರ್‌ಲೂಮ್ ಮುಂದೆ ನಿಂತಿದ್ದ. ನಾನು ಗಂಟಲು ಹರಿಯುವ ಹಾಗೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಇಷ್ಟು ಸಲೀಸೇ ಎಂದು ಹಿಗ್ಗಿದೆ.

ಮೂಲೆಯಲ್ಲಿದ್ದ ಅವನ ತಾಯಿ ನಕ್ಕಳು. ಎದ್ದು ಹೋಗಿ ಸ್ವಿಚ್ ಆರಿಸಿದಳು.

"ಮಗ್ಗ ನಡದಾಗ ಅವಂಗ ಏನೂ ಕೇಳಸಂಗಿಲ್ರಿ ಅಕ್ಕೋರ, ಎಲ್ಲಾರಿಗೂ ಹಿಂಗ ಗೋಣ ಹಾಕ್ತಾನ. ಈಗ ಹೇಳ್ರಿ."

ಮತ್ತೆ ಹೇಳಿದೆ. ಅವನ ಮುಖ ಗಂಟಾಯಿತು. "ಆಕಿ ಕಾಲೇಜಿಗೆ ಹೋದ್ರ ಕಂಡಿಕಿ ಯಾರ ಸುತ್ತಬೇಕ್ರಿ?"

"ನೀನ ಸುತ್ತು," ಅಂದಳು ಅಜ್ಜಿ. "ಹೆಣ್ಮಕ್ಕಳ ಕೆಲಸ ಅಂತ ಅದರ ಮ್ಯಾಲ ಬರದೈತೇನು? ನೀ ಹೂಂ ಅನ್ನೋತನಕಾ ನಾ ಸ್ವಿಚ್ ಹಾಕಂಗಿಲ್ಲ."

ನಿಂತ ಮಗ್ಗವನ್ನು ಎಷ್ಟು ಹೊತ್ತು ನೋಡಿಯಾನು? ಹೂಂ ಅಂದ. ಅಜ್ಜಿಗೆ ಕೈ ಮುಗಿದು ಬಂದೆ. ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತಿರುತ್ತೇನೆ. ಹುಡುಗಿ ಜಮಖಂಡಿಯ ಕಾಲೇಜಿಗೆ ಹೋಗುತ್ತಿದ್ದಾಳೆ.

ಮೊನ್ನೆ ಸಿಕ್ಕ ಅಪ್ಪ ರಟ್ಟೆ ತಿಕ್ಕಿಕೊಳ್ಳುತ್ತ, "ಕಂಡಿಕಿ ಸುತ್ತೋದು ಭಾಳ ತ್ರಾಸಿನ ಕೆಲಸ ನೋಡ್ರಿ," ಅಂದ.

ತಾಯಿ, ಹೆಂಡತಿ, ಮಗಳು ಸುತ್ತುತ್ತಿದ್ದಷ್ಟು ಕಾಲ ಆ ಮನೆಯಲ್ಲಿ ಯಾರ ರಟ್ಟೆಯೂ ನೋಯುತ್ತಿರಲಿಲ್ಲವಂತೆ.